ಹುಲಿಗೆ ಕೊಟ್ಟ ಮಾತು

ಬಿ.ಕಾಂ. ಓದಿದವರು ಬಿಸಿನೆಸ್ ಲಾ ಪಾಠದಲ್ಲಿ ಏನನ್ನು ಮರೆತರೂ ಲಾಲ್‌ಮನ್ ಶುಕ್ಲನನ್ನು ಮರೆಯುವುದಿಲ್ಲ. ಕಾನ್ಪುರದ ಗೌರಿದತ್ತ ಎಂಬುವರ ಪೇಢಿಯಲ್ಲಿ ಅವನು ಮುನೀಮ. ಯಜಮಾನರ ಸಂಬಂಧಿ ಹುಡುಗನೊಬ್ಬ ಮನೆಬಿಟ್ಟು ಓಡಿಹೋದಾಗ ಹುಡುಕಲು ಆಳುಗಳನ್ನು ಅಟ್ಟಿದರು. ಲಾಲ್‌ಮನ್‌ಗೆ ರೈಲು ಖರ್ಚು ಕೊಟ್ಟು ಹರಿದ್ವಾರಕ್ಕೆ ಕಳಿಸಿದರು. ಅವನು ಅತ್ತ ಹೋದ ಮೇಲೆ ಇತ್ತ ಕರಪತ್ರ ಹಂಚಿಸಿದರು. ಹುಡುಗನನ್ನು ಪತ್ತೆಮಾಡಿದವರಿಗೆ 501 ರೂಪಾಯಿ ಬಹುಮಾನ. ಲಾಲ್‌ಮನ್ ಅವನನ್ನು ಹೃಷಿಕೇಶದಲ್ಲಿ ಪತ್ತೆಹಚ್ಚಿ ತಂತಿ ಕಳಿಸಿದ. ಎರಡು ಚಿನ್ನದ ನಾಣ್ಯ, ಆಮೇಲೆ 20 ರೂಪಾಯಿ ಅವನ ಕೈಗೆ ಬಂತು. ಕೆಲವು ತಿಂಗಳ ನಂತರ ಕೆಲಸದಿಂದ ತೆಗೆದುಹಾಕಿದಾಗ, ಬಹುಮಾನದ ಬಾಕಿ ಕೊಡಿಸಿ ಎಂದು ಕೋರ್ಟಿಗೆ ಹೋದ. 1913ರಲ್ಲಿ ಅಲಹಾಬಾದ್ ಹೈಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು.

ಪ್ರಸ್ತಾಪದ ಅರಿವಿಲ್ಲದೆ ಅಂಗೀಕಾರ ಸಾಧ್ಯವಿಲ್ಲ, ಜೊತೆಗೆ ಹುಡುಕುವ ಹೊಣೆಯನ್ನು ಅವನು ಬಹುಮಾನಕ್ಕೆ ಮೊದಲೇ ಹೊತ್ತಿದ್ದ ಎಂಬುದು ನ್ಯಾಯಾಲಯದ ನಿಲುವು. ತರಗತಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಗದ್ದಲವೇಳುತ್ತದೆ. ಹುಡುಗ ಸಿಕ್ಕನಲ್ಲ, ಯಜಮಾನ ಹಣ ಕೊಡುತ್ತೇನೆಂದು ಬರೆದದ್ದೂ ನಿಜವಲ್ಲ, ಇನ್ನೇನು ಬೇಕು ಎಂದು ಹುಡುಗರು ಕೇಳುತ್ತಾರೆ. ನನಗೆ ಈ ಸಿಟ್ಟು ಇಷ್ಟ. ಕಾನೂನನ್ನು ಉರು ಹೊಡೆಯುವವರಿಗೆ ಅದು ಬರುವುದಿಲ್ಲ.

ಆದರೆ ಇದರ ಪಕ್ಕದಲ್ಲಿ ಲಂಡನ್ನಿನ ಶ್ರೀಮತಿ ಕಾರ್ಲಿಲ್‌ಳನ್ನು ನಿಲ್ಲಿಸಿ ನೋಡಿ. ತಮ್ಮ ಹೊಗೆಯುಂಡೆಯನ್ನು ಎರಡು ವಾರ ದಿನಕ್ಕೆ ಮೂರು ಸಲ ಬಳಸಿಯೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುತ್ತೇವೆಂದು ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ ಜಾಹೀರಾತು ಕೊಟ್ಟಿತ್ತು. ಆಕೆ ಓದಿದಳು, ಕೊಂಡಳು, ಹೇಳಿದಂತೆ ಬಳಸಿದಳು, ಜ್ವರ ಬಂತು. ಒಪ್ಪಿದ್ದೇನೆಂದು ಕಂಪನಿಗೆ ಒಂದು ಸಾಲೂ ಬರೆದಿರಲಿಲ್ಲ. ಆದರೂ 1892ರಲ್ಲಿ ಮೇಲ್ಮನವಿ ನ್ಯಾಯಾಲಯ ಹಣ ಕೊಡಿಸಿತು. ಇಬ್ಬರೂ ಕೆಲಸ ಮಾಡಿ ಮುಗಿಸಿದವರೇ. ಒಬ್ಬಳ ಕೆಲಸದ ಹಿಂದೆ ಆ ಮಾತಿನ ಅರಿವು ಇತ್ತು, ಇನ್ನೊಬ್ಬನ ಕೆಲಸದ ಹಿಂದೆ ಇರಲಿಲ್ಲ. ಕಾನೂನು ಕೈಯನ್ನು ನೋಡುತ್ತದೆ ಎಂದುಕೊಂಡಿರುತ್ತೇವೆ, ಅದು ಇಣುಕುವುದು ಮನಸ್ಸಿನೊಳಕ್ಕೆ.

1872ರ ಭಾರತೀಯ ಕರಾರು ಅಧಿನಿಯಮದ 13ನೇ ಸೆಕ್ಷನ್ ಒಂದೇ ವಾಕ್ಯದ್ದು. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಸಮ್ಮತಿ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಗಂಡಹೆಂಡಿರು, ಅಣ್ಣತಮ್ಮಂದಿರು, ಪಾಲುದಾರರು ಎಷ್ಟು ಮಂದಿ ಜೀವನದಲ್ಲಿ ಒಂದು ಸಲವಾದರೂ ಆ ವಾಕ್ಯವನ್ನು ಮುಟ್ಟಿದ್ದಾರೆ ಎಂದು ಯೋಚಿಸಿದರೆ ಅದರ ಎತ್ತರ ತಿಳಿಯುತ್ತದೆ.

ಸಮ್ಮತಿ ಇದ್ದರೆ ಸಾಲದು, ಅದು ಮುಕ್ತವಾಗಿರಬೇಕು. ಇಲ್ಲಿಗೆ ಬಂದಾಗ ನಾನು ಪುಣ್ಯಕೋಟಿಯನ್ನು ತರಗತಿಗೆ ಕರೆದುಕೊಂಡು ಬರುತ್ತೇನೆ. ಕರುವಿಗೆ ಹಾಲೂಡಿಸಿ ಮರಳಿ ಬರುತ್ತೇನೆಂದು ಅವಳು ಹುಲಿಗೆ ಕೊಟ್ಟ ಮಾತಿಗೆ ಕಾನೂನಿನಲ್ಲಿ ಬೆಲೆ ಎಷ್ಟು? ಏನೂ ಇಲ್ಲ. ಸಾವಿನ ಬಾಯಲ್ಲಿ ನಿಂತವಳಿಗೆ ಮುಕ್ತ ಸಮ್ಮತಿ ಎಲ್ಲಿಯದು? ಮೇಲಾಗಿ ಕೊಲ್ಲಿಸಿಕೊಳ್ಳುವ ಉದ್ದೇಶದ ಒಪ್ಪಂದವನ್ನು ಯಾವ ನ್ಯಾಯಾಲಯವೂ ಜಾರಿ ಮಾಡದು. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು, ಹುಲಿ ತಿನ್ನದೆ ಸ್ವಲ್ಪ ಹೊತ್ತು ಬಿಟ್ಟುಕೊಟ್ಟಿತಲ್ಲ, ಅದೇ ಪ್ರತಿಫಲ ಅಲ್ಲವೇ ಎಂದಳು. ಒಳ್ಳೆಯ ವಕೀಲೆಯ ಪ್ರಶ್ನೆ. ಒಂದು ಕೆಲಸವನ್ನು ಮಾಡದೆ ಸುಮ್ಮನಿರುವುದೂ ಪ್ರತಿಫಲವಾಗಬಲ್ಲದು ಎಂದು 2ನೇ ಸೆಕ್ಷನ್ನೇ ಹೇಳುತ್ತದೆ. ಆದರೆ ಮಾಡುವ ಹಕ್ಕೇ ಇಲ್ಲದ್ದನ್ನು ಮಾಡದೆ ಬಿಟ್ಟದ್ದು ಪ್ರತಿಫಲವಾಗದು.

ಹಾಗಾದರೆ ಅವಳು ಹೋಗಿದ್ದು ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಕಾನೂನು ಬಿಡುಗಡೆ ಮಾಡಿದ ಮಾತಿಗೆ ಅವಳು ತನ್ನನ್ನು ತಾನೇ ಕಟ್ಟಿಹಾಕಿಕೊಂಡಳು. ಆ ಕಟ್ಟನ್ನು ಕಾನೂನು ಹಾಕಲಾರದು, ಹಾಕಲೂಬಾರದು. ಸತ್ಯವಂತಿಕೆಯ ಹೆಸರಿನಲ್ಲಿ ಕಾನೂನು ಎಲ್ಲರನ್ನೂ ಪುಣ್ಯಕೋಟಿಯಂತೆ ಬಾಳಿ ಎಂದು ಒತ್ತಾಯಿಸಿದರೆ ಮೊದಲು ಸಂತೋಷಪಡುವವು ಹುಲಿಗಳೇ. ಹೆದರಿಸಿ, ಮೋಸ ಮಾಡಿ, ಕಷ್ಟದ ಗಳಿಗೆ ನೋಡಿ ಬರೆಸಿಕೊಂಡ ಕಾಗದವನ್ನು ಹಿಡಿದು ‘ಮಾತು ಕೊಟ್ಟಿದ್ದೀಯ’ ಎನ್ನುವವರಿಗೆ ಆಗ ಕೋರ್ಟೇ ಕೈಯಾಳಾಗುತ್ತದೆ. ಪುಣ್ಯಕೋಟಿಯ ಹಿರಿಮೆ ಉಳಿಯಬೇಕಾದರೂ ಅವಳಿಗೆ ಹೋಗದಿರುವ ಸ್ವಾತಂತ್ರ್ಯ ಇರಬೇಕು.

ಬಲವಿಲ್ಲದವನ ಸಮ್ಮತಿಯ ಬಗ್ಗೆ ಈ ಹಳೆಯ ಕಾಯ್ದೆಗೆ ಸೂಕ್ಷ್ಮ ಕಣ್ಣಿದೆ. 25ನೇ ಸೆಕ್ಷನ್‌ನ ಉದಾಹರಣೆಗಳಲ್ಲಿ ಸಾವಿರ ರೂಪಾಯಿಯ ಕುದುರೆಯನ್ನು ಹತ್ತು ರೂಪಾಯಿಗೆ ಮಾರುವ ಮನುಷ್ಯನೊಬ್ಬ ಬರುತ್ತಾನೆ. ಮನಸಾರೆ ಒಪ್ಪಿದ್ದರೆ ಕರಾರು ಸಿಂಧು; ಬೆಲೆ ಸರಿಯೇ ಎಂದು ಕೋರ್ಟ್ ತೂಗುವುದಿಲ್ಲ. ಮುಂದಿನ ಉದಾಹರಣೆಯಲ್ಲಿ ಅದೇ ಕುದುರೆ, ಅದೇ ಹತ್ತು ರೂಪಾಯಿ. ಆದರೆ ತಾನು ಮನಸಾರೆ ಒಪ್ಪಿರಲಿಲ್ಲ ಎಂದು ಮಾರಿದವನು ಹೇಳುತ್ತಾನೆ. ಆಗ ಆ ಹತ್ತು ರೂಪಾಯಿಯೇ ಸಾಕ್ಷಿಯಾಗಿ ನಿಲ್ಲುತ್ತದೆ. ಅಷ್ಟು ಕಡಿಮೆಗೆ ಏಕೆ ಕೊಟ್ಟ ಎಂದು ನ್ಯಾಯಾಲಯ ಗಮನಿಸಬೇಕು. ಅಡವಿಟ್ಟ ಒಡವೆ, ಬೆಳೆಗೆ ಮೊದಲೇ ಕುದುರಿದ ದರ, ಆಸ್ಪತ್ರೆಯ ಖರ್ಚಿಗೆಂದು ಬರೆದುಕೊಟ್ಟ ಸೈಟು, ಇವನ್ನೆಲ್ಲ ಕಂಡವರಿಗೆ ಆ ಕುದುರೆ ಯಾರದು ಎಂದು ವಿವರಿಸಬೇಕಾಗಿಲ್ಲ.

1986ರಲ್ಲಿ ಬ್ರೊಜೊನಾಥ್ ಗಂಗೂಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಣ್ಣನ್ನು ಇನ್ನಷ್ಟು ಅಗಲ ಮಾಡಿತು. ಕಾಯಂ ನೌಕರನನ್ನು ಮೂರು ತಿಂಗಳ ನೋಟಿಸ್ ಕೊಟ್ಟು, ಕಾರಣ ಹೇಳದೆ ಮನೆಗೆ ಕಳಿಸಬಹುದೆಂಬ ನಿಯಮ ಸರ್ಕಾರಿ ಕಂಪನಿಯೊಂದರಲ್ಲಿತ್ತು. ನೌಕರ ಸಹಿ ಹಾಕಿ ಸೇರಿದ್ದಾನಲ್ಲ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಸಹಿ ಹಾಕುವುದು ಇಲ್ಲವೇ ಕೆಲಸ ಬಿಡುವುದು, ಇವೆರಡೇ ದಾರಿ ಇದ್ದವನ ಸಹಿಗೆ ಎಷ್ಟು ತೂಕ ಎಂದು ಕೇಳಿತು. ಸಮಬಲದ ವ್ಯಾಪಾರಿಗಳ ನಡುವಿನ ಒಪ್ಪಂದಕ್ಕೆ ಇದು ಅನ್ವಯಿಸುವುದಿಲ್ಲ ಎಂದೂ ಸ್ಪಷ್ಟಪಡಿಸಿತು.

ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನ ಫೋನಿನ ಸಾಲದ ಆ್ಯಪ್ ತೋರಿಸಿದ. ಬೆರಳಿನಿಂದ ಸರಿಸಿದಷ್ಟೂ ಇಂಗ್ಲಿಷ್ ಷರತ್ತುಗಳು, ಕೊನೆಯಲ್ಲಿ ಒಂದು ಪುಟ್ಟ ಚೌಕ. ಅದನ್ನು ಒತ್ತದೆ ಮುಂದಿನ ಪುಟ ತೆರೆಯದು. ಫೋನಿನಲ್ಲಿದ್ದ ಎಲ್ಲರ ನಂಬರುಗಳನ್ನು ನೋಡಲೂ ಅನುಮತಿ ಕೇಳಿತ್ತು, ಅವನು ಕೊಟ್ಟೂ ಆಗಿತ್ತು. ಒಂದೇ ವಿಷಯ, ಒಂದೇ ಅರ್ಥ? ವಿದ್ಯುನ್ಮಾನ ಒಪ್ಪಂದಗಳೂ ಸಿಂಧುವೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆ ಹೇಳುತ್ತದೆ, ಅದು ಬೇಕಾದದ್ದೇ. ವಿಪರೀತ ದಂಡ ಹೇರುವ, ಸಾಲವನ್ನು ಬೇಗ ತೀರಿಸಲು ಬಿಡದ ಷರತ್ತುಗಳನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನ್ಯಾಯವಲ್ಲದ ಕರಾರು ಎಂದು ಗುರುತಿಸಿ, ರಾಜ್ಯ ಆಯೋಗದ ಬಾಗಿಲನ್ನು ತೆರೆದಿದೆ. ಆದರೂ ಓದಲಾಗದ್ದನ್ನು ಒಪ್ಪಿಸಿಕೊಳ್ಳುವ ಈ ಅಭ್ಯಾಸ ನನ್ನನ್ನು ಕಾಡುತ್ತದೆ. ಒಪ್ಪಿದ್ದೇನೆ ಎಂಬುದನ್ನು ದಿನಕ್ಕೆ ಹತ್ತು ಸಲ ಅರಿವಿಲ್ಲದೆ ಒತ್ತುವ ಹುಡುಗನಿಗೆ, ನಿಜವಾಗಿ ಒಪ್ಪಬೇಕಾದ ಕಡೆ ಆ ಮಾತು ಹಗುರಾಗದೇ?

ಪುಣ್ಯಕೋಟಿಗಾಗಿ ಕಾಯ್ದೆ ಒಂದು ಕಿಂಡಿಯನ್ನೂ ಬಿಟ್ಟಿದೆ, ಪಠ್ಯಪುಸ್ತಕಗಳು ಅದನ್ನು ಅವಸರದಲ್ಲಿ ದಾಟುತ್ತವೆ. ಕೈಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಅದು ಕಳೆದ ಮೇಲೆ ದಾವೆ ಹೂಡಲಾಗದು. ಪ್ರತಿಫಲವಿಲ್ಲದ ಮಾತಿಗೆ ಬಲವಿಲ್ಲ ಎನ್ನುವ ಅದೇ 25ನೇ ಸೆಕ್ಷನ್, ವಾಯಿದೆ ಮೀರಿದ ತನ್ನ ಸಾಲವನ್ನು ತೀರಿಸುತ್ತೇನೆಂದು ಒಬ್ಬ ಬರೆದು ಸಹಿ ಮಾಡಿದರೆ ಅದನ್ನು ಪೂರ್ತಿ ಕರಾರು ಎಂದು ಒಪ್ಪುತ್ತದೆ. ಹೊಸದಾಗಿ ಅವನಿಗೆ ಏನೂ ಸಿಕ್ಕಿಲ್ಲ, ಕೊಡಲು ಯಾರೂ ಒತ್ತಾಯಿಸಲಾರರು, ಆದರೂ ಬರೆದಿದ್ದಾನೆ. ವಸೂಲಿಯ ದಾರಿ ಮುಚ್ಚಿದರೂ ಋಣ ಸತ್ತಿಲ್ಲ ಎಂಬುದು ನಮ್ಮ ಕಾಲಮಿತಿ ಕಾನೂನಿನ ತಳಹದಿ. ಹಾಗಾಗಿ ಅವಧಿ ಮುಗಿದ ಮೇಲೆ ತೀರಿಸಿದ ಹಣವನ್ನು, ಕೊಡಬೇಕಾಗಿರಲಿಲ್ಲ ಎಂದು ವಾಪಸು ಕೇಳುವಂತಿಲ್ಲ. 60ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಲವು ಸಾಲ ಮಾಡಿದವನು ಯಾವುದಕ್ಕೆಂದು ಹೇಳದೆ ಹಣ ಕೊಟ್ಟು, ಸಂದರ್ಭದಿಂದಲೂ ಅದು ತಿಳಿಯದಿದ್ದರೆ, ಸಾಲ ಕೊಟ್ಟವನು ಅದನ್ನು ಯಾವ ಕೋರ್ಟೂ ಕೊಡಿಸಲಾಗದ ಆ ಹಳೆಯ ಬಾಕಿಗೇ ಜಮಾ ಮಾಡಿಕೊಳ್ಳಬಹುದು.