ಮುದ್ದೆಯೊಳಗಿನ ಮೂವತ್ತಾರು

ರಾಗಿ ಮುದ್ದೆಯ ಜೊತೆ ಕಚ್ಚಿಕೊಳ್ಳಲು ಒಂದು ಹಸಿ ಈರುಳ್ಳಿ ಸಿಕ್ಕರೆ ನಮ್ಮ ಸೀಮೆಯ ಊಟ ಪೂರ್ತಿಯಾಯಿತು. ಆ ತಟ್ಟೆಯ ಎರಡು ಗಿಡಗಳ ಜೀವಕೋಶದೊಳಗೆ ಇಣುಕಿದರೆ ನಮ್ಮ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ರಾಗಿಗೆ 36 ವರ್ಣತಂತು, ಈರುಳ್ಳಿಗೆ ಬರೀ 16. ಆದರೆ ಜೀನೋಮ್, ಅಂದರೆ ಡಿಎನ್‌ಎಯ ಇಡೀ ಬರಹ, ಅಳೆದರೆ ಈರುಳ್ಳಿಯದು ಸುಮಾರು 1,600 ಕೋಟಿ ಅಕ್ಷರ. ರಾಗಿಯದು ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಮನುಷ್ಯನದು 300 ಕೋಟಿ ಚಿಲ್ಲರೆ. ಎಷ್ಟು ಎಳೆ ಎಂಬುದೇ ಬೇರೆ, ಎಷ್ಟು ಉದ್ದ ಎಂಬುದೇ ಬೇರೆ. ಇವೆರಡರಲ್ಲಿ ಯಾವುದೂ ಜೀವದ ಹೆಚ್ಚುಗಾರಿಕೆಯನ್ನು ಹೇಳುವುದಿಲ್ಲ.

ಈರುಳ್ಳಿಯ ಆ ಉದ್ದದಲ್ಲಿ ಬಹುಪಾಲು ಒಂದೇ ಪಾಠ ಮತ್ತೆ ಮತ್ತೆ ಬರೆದದ್ದು. ತಾವೇ ನಕಲಾಗಿ ಹೊಸ ಜಾಗದಲ್ಲಿ ಸೇರಿಕೊಳ್ಳುವ ತುಣುಕುಗಳು ಲಕ್ಷಾಂತರ ವರ್ಷಗಳಲ್ಲಿ ಅಲ್ಲಿ ಜಮೆಯಾಗಿವೆ. ಆ ಭಾರಕ್ಕೆ ಬೆಲೆಯೂ ಇದೆ. ಕೋಶ ಒಡೆಯುವಾಗಲೆಲ್ಲ ಅಷ್ಟನ್ನೂ ನಕಲು ಮಾಡಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ, ರಂಜಕ ಬೇಕಾಗುತ್ತದೆ. ಕೆಲವೇ ವಾರಗಳಲ್ಲಿ ಹುಟ್ಟಿ ಬೀಜ ಕಟ್ಟಿ ಮುಗಿಯುವ ಕಳೆಗಳಲ್ಲಿ ಬೃಹತ್ ಜೀನೋಮ್ ಕಾಣದಿರುವುದು ಇದಕ್ಕೇ. ಗಡ್ಡೆ ಸಸ್ಯಗಳು ಬೇರೆ ದಾರಿ ಹಿಡಿದವು. ಕೋಶಗಳನ್ನು ನಿಧಾನವಾಗಿ ಮೊದಲೇ ಗಡ್ಡೆಯೊಳಗೆ ಸಿದ್ಧಮಾಡಿಟ್ಟು, ಕಾಲ ಬಂದಾಗ ಬರೀ ನೀರು ತುಂಬಿಕೊಂಡು ಹಿಗ್ಗುವುದು. 1982ರಲ್ಲಿ ಬ್ರಿಟನ್ನಿನ ಗ್ರೈಮ್ ಮತ್ತು ಮೌಫೋರ್ಥ್ ತಮ್ಮ ನಾಡಿನ ಸಸ್ಯಗಳನ್ನು ನೋಡಿ ಮುಂದಿಟ್ಟ ವಿವರಣೆ ಇದು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಗುಲಾಬಿ ಈರುಳ್ಳಿಯನ್ನು ಕೈಯಲ್ಲಿ ಹಿಡಿದಾಗ ನನಗೆ ಅದು ನೆನಪಾಗುತ್ತದೆ. ಬಯಾಲಜಿ ಲ್ಯಾಬಿನಲ್ಲಿ ಕೋಶ ಒಡೆಯುವುದನ್ನು ಮಕ್ಕಳಿಗೆ ತೋರಿಸುವುದೂ ಈರುಳ್ಳಿ ಬೇರಿನ ತುದಿಯಲ್ಲೇ. ಅದರ ವರ್ಣತಂತುಗಳು ಅಷ್ಟು ದೊಡ್ಡವು, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಸಿಗುತ್ತವೆ.

ರಾಗಿಯ ಕಥೆ ಬೇರೆ, ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಅಲ್ಲೇ. ಯಲಹಂಕದ ಖಾಲಿ ಸೈಟುಗಳಲ್ಲಿ, ಹೆಬ್ಬಾಳದ ಫುಟ್‌ಪಾತಿನ ಬಿರುಕುಗಳಲ್ಲಿ ಒಂದು ಹುಲ್ಲು ಬೆಳೆಯುತ್ತದೆ. ತುಳಿದರೂ ಸಾಯದ ಗಟ್ಟಿ ಬುಡ, ತುದಿಯಲ್ಲಿ ಕವಲೊಡೆದ ತೆಳ್ಳನೆಯ ತೆನೆ. ವಿಜ್ಞಾನದಲ್ಲಿ ಅದು ಎಲ್ಯೂಸಿನೆ ಇಂಡಿಕ. ಅದಕ್ಕೆ 18 ವರ್ಣತಂತು. ರಾಗಿಯ ತಾಯಿಯ ಕಡೆಯ ಕುಲ ಇದೇ. ಎಲೆಯ ಹಸಿರು ಕಣಗಳ ಡಿಎನ್‌ಎ ತಾಯಿಯಿಂದ ಬರುವುದರಿಂದ ಅದು ಪತ್ತೆಯಾಯಿತು. ಎಂದೋ ಪೂರ್ವ ಆಫ್ರಿಕಾದಲ್ಲಿ ಇದು ಇನ್ನೊಂದು ಜಾತಿಯ ಹುಲ್ಲಿನೊಡನೆ ಕೂಡಿತು. ಅಂಥ ಮಿಶ್ರ ಸಸಿ ಸಾಮಾನ್ಯವಾಗಿ ಬಂಜೆ. ಪರಾಗ ಕಟ್ಟುವಾಗ ಪ್ರತಿ ವರ್ಣತಂತುವಿಗೂ ತನ್ನ ಜೋಡಿ ಬೇಕು, ಅಲ್ಲಿ ಜೋಡಿಯೇ ಇಲ್ಲ. ಆದರೆ ಇಲ್ಲಿ ಇಡೀ ಗಂಟು ಇಮ್ಮಡಿಯಾಯಿತು, ಒಂದೊಂದಕ್ಕೂ ತನ್ನದೇ ಜೋಡಿ ಹುಟ್ಟಿತು. ಬೀಜ ಕಟ್ಟಿತು. ಹೊಸ ಜಾತಿಯೊಂದು ಹುಟ್ಟಲು ಅಷ್ಟು ಸಾಕಾಯಿತು. ಆ ಕಾಡುಗಿಡವನ್ನು ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದ ಎತ್ತರದ ನೆಲದ ಜನ ಹೊಲಕ್ಕೆ ತಂದರು, ಆಮೇಲೆ ಅದು ಸಮುದ್ರ ದಾಟಿ ನಮ್ಮ ಕೆಂಪು ಮಣ್ಣಿಗೆ ಬಂತು.

ಇಂದಿಗೂ ಆ ಎರಡು ಕುಲ ರಾಗಿಯೊಳಗೆ ಬೆರೆತುಹೋಗಿಲ್ಲ. ಒಂದೇ ಸೂರಿನಡಿ ಎರಡು ಒಲೆ ಉರಿದಂತೆ, ತಾಯಿಯ ಕಡೆಯ 18 ತಮ್ಮ ತಮ್ಮಲ್ಲೇ ಜೋಡಿಯಾಗುತ್ತವೆ, ಇನ್ನೊಂದು ಕಡೆಯ 18 ತಮ್ಮಲ್ಲೇ. ಹೀಗಿರುವುದರಿಂದ ಹಲವು ಜೀನುಗಳಿಗೆ ಎರಡೆರಡು ಪ್ರತಿ. ಒಂದು ಹಳೆಯ ಕೆಲಸ ಬಿಡದೆ ನಡೆಸಿದರೆ ಇನ್ನೊಂದಕ್ಕೆ ಬದಲಾಗುವ ಬಿಡುವು ಸಿಗುತ್ತದೆ. ಅದು ಕೆಟ್ಟರೂ ಗಿಡ ಸಾಯುವುದಿಲ್ಲ. ಗೋಧಿ, ಹತ್ತಿ, ಕಬ್ಬು, ಕಡಲೆಕಾಯಿ ಎಲ್ಲವೂ ಇಂಥ ಇಮ್ಮಡಿಯ ಸಂತಾನವೇ.

ಬೆಂಗಳೂರಿನ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯದಲ್ಲಿ ಶೈಲಜಾ ಹಿತ್ತಲಮನಿ ಅವರ ತಂಡ ಎಂಎಲ್-365 ಎಂಬ ರಾಗಿ ತಳಿಯ ಜೀನೋಮನ್ನು ಓದಿ 2017ರಲ್ಲಿ ಪ್ರಕಟಿಸಿತು. 85,000ಕ್ಕೂ ಹೆಚ್ಚು ಜೀನುಗಳ ಅಂದಾಜು ಸಿಕ್ಕಿತು. ನೀರಿಗೆ ಬರ ಬಂದಾಗ ಯಾವ ಜೀನು ಎಚ್ಚರಾಗುತ್ತದೆ ಎಂಬುದು ಅವರ ಮುಖ್ಯ ಹುಡುಕಾಟಗಳಲ್ಲಿ ಒಂದಾಗಿತ್ತು. ಬಡವರ ಕಾಳೆಂದು ಬದಿಗಿಟ್ಟ ಬೆಳೆಯನ್ನು ಅದು ಬೆಳೆಯುವ ನೆಲದಲ್ಲೇ ಕೂತು ಓದಿದ್ದು ನನಗೆ ದೊಡ್ಡ ಸಂಗತಿ. ಅದಕ್ಕೂ ಮೊದಲು ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟಿದ್ದರು. ದೂರದ ನೆಂಟರಾದರೂ ಎರಡರಲ್ಲೂ 36 ಇದ್ದುದರಿಂದ ಸಂತಾನ ಫಲವಂತವಾಯಿತು. ಅದೇ ರಾಗಿಗೆ ರಸ್ತೆಬದಿಯ ಹುಲ್ಲಿನ ಪರಾಗ ತಗುಲಿದರೆ ಹುಟ್ಟುವುದು 27ರ ಸಸಿ, ಅದು ಬೀಜ ಕಟ್ಟಲು ಸೋಲುತ್ತದೆ.

ಇನ್ನು ರಾಗಿಯ ಹುಟ್ಟಿನಲ್ಲಿ ಕೂಡಿದ ಆ ಎರಡನೆಯ ಹುಲ್ಲು. ಅದು ಯಾವುದೆಂದು ವಿಜ್ಞಾನಿಗಳು ಬಗೆಬಗೆಯಾಗಿ ಹುಡುಕಿದ್ದಾರೆ. ಈಗಿರುವ ಯಾವ ಜಾತಿಯೂ ಸರಿಯಾಗಿ ಹೊಂದಿಲ್ಲ. ಬಹುಶಃ ಅದು ಭೂಮಿಯಿಂದ ಅಳಿದೇಹೋಗಿದೆ. ಹಾಗಿದ್ದರೆ ಅದರ 18 ವರ್ಣತಂತುಗಳು ಬದುಕಿರುವುದು ರಾಗಿಯಲ್ಲಿ ಮತ್ತು ರಾಗಿಯ ಆಫ್ರಿಕಾದ ಕಾಡುಬಳಗದಲ್ಲಿ ಮಾತ್ರ. ಮಳೆ ಕೈಕೊಟ್ಟ ವಾರಗಳಲ್ಲಿ ತೆನೆಯನ್ನು ಉಳಿಸುವುದು ನಮ್ಮ ಫುಟ್‌ಪಾತಿನ ಹುಲ್ಲು ಕೊಟ್ಟ ಪಾಲೋ, ಗುರುತು ಸಿಗದ ಆ ಇನ್ನೊಂದರ ಪಾಲೋ ಎಂದು ಜೀನು ಜೀನಾಗಿ ಕೇಳಲು ಈಗ ಸಾಧ್ಯವಿದೆ.