ಇಂದಿನ ಧಮ್ಮ ಚಿಂತನೆ: ಅಡಗಿಸಿಟ್ಟ ನಾಣ್ಯ

ಧಮ್ಮ ಬಂಧುಗಳೇ, ಇಂದಿನ ಚಿಂತನೆಯನ್ನು ನಾನು ಬರೆಯುತ್ತಿಲ್ಲ, ಫೋನಿಗೆ ಹೇಳುತ್ತಿದ್ದೇನೆ. ಮಗಳು ತಪ್ಪು ತಿದ್ದಿ ಗುಂಪಿಗೆ ಕಳಿಸುತ್ತಾಳೆ. ನನಗೆ ಕಣ್ಣು ಕಾಣುವುದಿಲ್ಲ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅದನ್ನು ನಾನು ಎರಡು ವರ್ಷ ಬಚ್ಚಿಟ್ಟಿದ್ದೆ ಎಂಬುದು ಗೊತ್ತಿಲ್ಲ. ಇವತ್ತು ಅದನ್ನೇ ಹೇಳಬೇಕು.

ಕಳೆದ ಭಾನುವಾರ ವಿಹಾರದ ಮಕ್ಕಳ ತರಗತಿಯಲ್ಲಿ ತ್ರಿಸರಣ, ಪಂಚಶೀಲ ಮುಗಿದ ಮೇಲೆ ಮಕ್ಕಳಿಗೆ ಒಂದು ಜಾದೂ ತೋರಿಸಿದೆ. ಎಡಗೈಯಲ್ಲಿ ಐದು ರೂಪಾಯಿ ನಾಣ್ಯ ಹಿಡಿದು, ಬಲಗೈಗೆ ಕೊಟ್ಟು, ಬಲಗೈ ಬಿಚ್ಚಿದರೆ ನಾಣ್ಯ ಮಾಯ! ಮಕ್ಕಳು ಕೂಗಿಕೊಂಡವು. ಆಮೇಲೆ ನಾನೇ ಗುಟ್ಟು ಬಿಟ್ಟುಕೊಟ್ಟೆ. ನಾಣ್ಯ ಎಡಗೈ ಬಿಟ್ಟು ಹೋಗಿರಲೇ ಇಲ್ಲ. ಆಗ ಒಬ್ಬ ಹುಡುಗ ಕೇಳಿದ: "ತಾತ, ನಿಮಗೆ ಕಣ್ಣು ಕಾಣಲ್ಲ, ನಮಗೆ ಕಾಣುತ್ತೆ. ಆದ್ರೂ ನಾವೇ ಯಾಕೆ ಮೋಸ ಹೋದ್ವಿ?"

ನಾನು ಹೇಳಿದೆ: "ನಾನು ಮುಖ ತಿರುಗಿಸಿದ ಕಡೆ ನೀವು ನೋಡಿದಿರಿ ಮಗ. ನಾಣ್ಯ ಇದ್ದ ಕಡೆ ನೋಡಲಿಲ್ಲ." ಕೈಯಿಂದ ಬೂದಿ ತೆಗೆದು ಕೊಡುವವರು, ನಿಂಬೆಹಣ್ಣು ಕೊಯ್ದು ರಕ್ತ ಬರಿಸುವವರು ಮಾಡುವುದೂ ಇಷ್ಟೇ. ವ್ಯತ್ಯಾಸ ಏನೆಂದರೆ ಅವರು ಗುಟ್ಟು ಹೇಳುವುದಿಲ್ಲ, ಕಾಣಿಕೆ ಕೇಳುತ್ತಾರೆ.

ದೀಘ ನಿಕಾಯದ ಕೇವಟ್ಟ ಸುತ್ತ ನಿಮಗೆ ನೆನಪಿರಬಹುದು. ನಾಲಂದದಲ್ಲಿ ಕೇವಟ್ಟ ಎಂಬ ಗೃಹಸ್ಥ ಭಗವಾನರ ಬಳಿ ಬಂದು, ಒಬ್ಬ ಭಿಕ್ಷುವಿನಿಂದ ಪವಾಡ ಮಾಡಿಸಿದರೆ ಊರಿನ ಜನಕ್ಕೆ ಶ್ರದ್ಧೆ ಹೆಚ್ಚುತ್ತದೆ ಎಂದು ಕೇಳಿಕೊಂಡ. ಭಗವಾನರು ಒಪ್ಪಲಿಲ್ಲ. ನಂಬದವನು ಅದನ್ನು ಗಾಂಧಾರಿ ವಿದ್ಯೆ ಎಂದು ತಳ್ಳಿಹಾಕಬಹುದಲ್ಲ ಎಂದರು. ಮನುಷ್ಯನಿಗೆ ತಿಳಿಯ ಹೇಳಿ, ಅವನು ಕೆಟ್ಟದ್ದನ್ನು ಬಿಟ್ಟು ಒಳ್ಳೆಯದಕ್ಕೆ ತಿರುಗುವಂತೆ ಮಾಡುವುದೇ ನಿಜವಾದ ಪವಾಡ ಎಂದು ತೋರಿಸಿಕೊಟ್ಟರು. ಅದಕ್ಕೇ ನಮ್ಮ ವಿಹಾರದಲ್ಲಿ ಜಾದೂ ತೋರಿಸಿದ ಮೇಲೆ ಗುಟ್ಟು ಹೇಳಲೇಬೇಕು ಎಂಬುದು ನನ್ನ ನಿಯಮ.

ಈ ಕೈಚಳಕ ಕಲಿಯಲು ನನಗೆ ಧೈರ್ಯ ಕೊಟ್ಟದ್ದು ಅಮೆರಿಕದ ಒಬ್ಬ ಮನುಷ್ಯನ ಕಥೆ. ಅವರ ಹೆಸರು ರಿಚರ್ಡ್ ಟರ್ನರ್. ಹುಟ್ಟಿದ್ದು 1954ರಲ್ಲಿ. ಒಂಬತ್ತನೇ ವಯಸ್ಸಿನಲ್ಲಿ ಸ್ಕಾರ್ಲೆಟ್ ಜ್ವರ ಬಂತು. ಅಲ್ಲಿಂದ ಕಣ್ಣಿನ ದೃಷ್ಟಿ ಕುಗ್ಗುತ್ತಾ ಹೋಯಿತು. ಅವರ ತಂಗಿಗೂ ಹಾಗೇ ಆಯಿತು. ಆದರೂ ಇಸ್ಪೀಟು ಎಲೆಗಳ ಕೈಚಳಕದಲ್ಲಿ ಅವರು ಜಗತ್ತಿನ ಮೊದಲ ಸಾಲಿನವರಾದರು. ಡೈ ವರ್ನನ್ ಎಂಬ ಹೆಸರಾಂತ ಜಾದೂಗಾರರು ಅವರ ಗುರು. ಮೇಲಿನ ಎಲೆ ಹಂಚಿದಂತೆ ಕಾಣಿಸಿ ಎರಡನೇ ಎಲೆ ಹಂಚುವುದು, ತಳದ ಎಲೆ ಹಂಚುವುದು, ಹೀಗೆ ಜೂಜುಕೋರರು ಮಾಡುವ ಮೋಸಗಳನ್ನು ಕಣ್ಣಿದ್ದವರ ಎದುರಿಗೇ ಮಾಡಿ ತೋರಿಸುತ್ತಾರೆ. ಊಟಕ್ಕೆ ಕೂತಾಗಲೂ ಕೈಯಲ್ಲಿ ಎಲೆ, ಮಾತಾಡುವಾಗಲೂ ಕೈಯಲ್ಲಿ ಎಲೆ. ಅದರ ಜೊತೆಗೆ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್.

ಇಷ್ಟೇ ಆಗಿದ್ದರೆ "ಛಲ ಬಿಡಬೇಡಿ" ಎಂಬ ಇನ್ನೊಂದು ಫಾರ್ವರ್ಡ್ ಆಗುತ್ತಿತ್ತು. ನನ್ನನ್ನು ತಟ್ಟಿದ್ದು ಬೇರೆ ಸಂಗತಿ. ಅವರ ಜೀವನದ ಬಗ್ಗೆ 2017ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು, ಹೆಸರು 'ಡೆಲ್ಟ್'. ಮಗಳು ಪಕ್ಕದಲ್ಲಿ ಕೂತು ಅದನ್ನು ನನಗೆ ವಿವರಿಸಿದಳು. ಆ ಮನುಷ್ಯ ಎಷ್ಟೋ ವರ್ಷ ತನ್ನನ್ನು ಕುರುಡ ಎಂದು ಕರೆಯುವುದನ್ನೇ ಸಹಿಸುತ್ತಿರಲಿಲ್ಲ. ಎದುರಿಗೆ ಕೂತ ಎಷ್ಟೋ ಪ್ರೇಕ್ಷಕರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಕೋಲು ಬೇಡ, ಯಾವ ಆಸರೆಯೂ ಬೇಡ. ಹೆಂಡತಿ, ಮಗ ಅವರ ಕಣ್ಣಾಗಿದ್ದರು. ಮಗ ಓದಲು ಮನೆ ಬಿಟ್ಟು ಹೊರಟಾಗ ತಾನು ಎಷ್ಟು ಅವಲಂಬಿಸಿದ್ದೆ ಎಂಬುದನ್ನು ಎದುರಿಸಬೇಕಾಯಿತು. ಅದೇ ಕುರುಡಿದ್ದ ತಂಗಿ ಅದನ್ನು ಒಪ್ಪಿಕೊಂಡು, ಸಿಗುವ ಸಹಾಯ ಪಡೆದು, ವ್ಯವಹಾರ ನಡೆಸುತ್ತಿದ್ದರು. ಅಣ್ಣನಿಗೆ ಅದನ್ನು ಕಲಿಯಲು ಅರ್ಧ ಆಯುಷ್ಯ ಹಿಡಿಯಿತು.

ಅದನ್ನು ಕೇಳಿ ನಾನು ಅತ್ತುಬಿಟ್ಟೆ. ಯಾಕೆಂದರೆ ಅದು ನನ್ನ ಕಥೆ.

ನಾನು ಬಸ್ ಕಂಡಕ್ಟರ್ ಆಗಿದ್ದವನು. ಇಪ್ಪತ್ತಾರು ವರ್ಷ ಚಿಲ್ಲರೆ ಎಣಿಸಿದ ಕೈ ಇದು. ನನಗೆ ಬಂದದ್ದು ಗ್ಲಾಕೋಮಾ. ನೋವಿಲ್ಲ, ಉರಿಯಿಲ್ಲ. ದೃಷ್ಟಿ ಅಂಚಿನಿಂದ ಹೋಗುತ್ತಾ ನಡುವಿಗೆ ಬರುತ್ತದೆ. ಕೊಳವೆಯಲ್ಲಿ ನೋಡಿದ ಹಾಗೆ ಆಗುವವರೆಗೆ ತಿಳಿಯುವುದೇ ಇಲ್ಲ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಔಷಧಿಯಿಂದ ಕಾಪಾಡಿಕೊಳ್ಳಬಹುದು. ತಿಳಿದ ಮೇಲೂ ನಾನು ಯಾರಿಗೂ ಹೇಳಲಿಲ್ಲ. ಕೆಲಸ ಹೋಗುತ್ತದೆ ಎಂಬ ಭಯ. ಬಸ್ಸಿನ ಮೆಟ್ಟಿಲು, ಸೀಟು, ಕಂಬಿ ಎಲ್ಲ ಬಾಯಿಪಾಠ. ನಾಣ್ಯ ಬೆರಳಿಗೆ ಗೊತ್ತಾಗುತ್ತಿತ್ತು. ನನ್ನಷ್ಟಕ್ಕೆ ನಾನೂ ಒಬ್ಬ ಜಾದೂಗಾರನೇ!

ಒಂದು ಸಂಜೆ ಒಬ್ಬ ಅಜ್ಜಿ ಐನೂರರ ನೋಟು ಕೊಟ್ಟರು. ಟಿಕೆಟ್ ಮೂವತ್ತು. ಎರಡು ಇನ್ನೂರು, ಮೇಲೆ ಎಪ್ಪತ್ತು ಕೊಡಬೇಕು. ಹೊಸ ಇನ್ನೂರರ ನೋಟು ಹಳದಿ, ಹೊಸ ಇಪ್ಪತ್ತರದ್ದೂ ಹೆಚ್ಚುಕಮ್ಮಿ ಆ ಬಣ್ಣವೇ. ಇಳಿಯುವಾಗ ಅಜ್ಜಿ ಹೇಳಿದರು, "ಒಂದು ಇನ್ನೂರು ಬದ್ಲು ಇಪ್ಪತ್ತು ಕೊಟ್ಟಿದೀಯ ಕನಪ್ಪ." ಬಸ್ ತುಂಬ ಜನ. ನೋಟು ಕೈಗೆ ತಗೊಂಡು ನೋಡಿದಂತೆ ನಟಿಸಿದೆ. "ಸರಿಯಾಗೇ ಇದೆ, ಇಳಿಯಮ್ಮ" ಎಂದು ರೈಟ್ ಹೇಳಿಬಿಟ್ಟೆ.

ರಾತ್ರಿ ಡಿಪೋದಲ್ಲಿ ಲೆಕ್ಕ ಕೊಡುವಾಗ 180 ರೂಪಾಯಿ ಹೆಚ್ಚು ಬಂತು.

ಬಂಧುಗಳೇ, ನಮ್ಮ ಅಧ್ಯಯನದಲ್ಲಿ ಚಕ್ಖುಪಾಲ ಥೇರರ ಪ್ರಸಂಗ ಓದಿದ್ದೇವೆ. ಸಾಧನೆಯಲ್ಲಿ ಎರಡೂ ಕಣ್ಣು ಕಳೆದುಕೊಂಡ ಭಿಕ್ಷು. ನಸುಕಿನಲ್ಲಿ ನಡೆಯುವಾಗ ಅವರ ಕಾಲಡಿ ಹುಳಗಳು ಸತ್ತವು. ಬೇರೆ ಭಿಕ್ಷುಗಳು ದೂರು ಕೊಟ್ಟರು. ಕೊಂದದ್ದನ್ನು ನೀವು ಕಂಡಿರಾ ಎಂದು ಭಗವಾನರು ಕೇಳಿದರು. ನೀವು ಹೇಗೆ ಅದನ್ನು ಕಾಣಲಿಲ್ಲವೋ ಹಾಗೇ ಅವರು ಹುಳಗಳನ್ನು ಕಾಣಲಿಲ್ಲ, ಕೊಲ್ಲುವ ಮನಸ್ಸು ಅವರಿಗಿರಲಿಲ್ಲ ಎಂದು ತಿಳಿಸಿದರು. ಅಟ್ಠಕಥೆಯಲ್ಲಿ ಮುಂದೆ ಹಿಂದಿನ ಜನ್ಮದ ಪಾಪದಿಂದ ಕಣ್ಣು ಹೋಯಿತು ಎಂಬ ಕಥೆಯೂ ಇದೆ. ಅದನ್ನು ನಾವು ಒಪ್ಪಬೇಕಿಲ್ಲ. ಹಿಂದಿನ ಜನ್ಮದ ಕರ್ಮ ಎಂಬ ಮಾತಿನಿಂದಲೇ ನಮ್ಮ ಅಜ್ಜ ಮುತ್ತಜ್ಜರನ್ನು ಊರಾಚೆ ಇಟ್ಟರು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಆ ಮಾತನ್ನು ಪ್ರಶ್ನಿಸಿ ಬದಿಗೆ ಸರಿಸಿದ್ದಾರೆ. ನನ್ನ ಕಣ್ಣು ಹೋದದ್ದು ನರದ ರೋಗದಿಂದ, ಪಾಪದಿಂದಲ್ಲ.

ಆದರೆ ಚಕ್ಖುಪಾಲ ಥೇರರ ಕಥೆಯಲ್ಲಿ ನಾನು ಅಡಗಿಕೊಳ್ಳುವಂತಿಲ್ಲ. ಅವರಿಗೆ ಹುಳ ಇದ್ದದ್ದು ಗೊತ್ತಿರಲಿಲ್ಲ. ನನಗೆ ಕಾಣುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಚ್ಚಿಟ್ಟೆ, ಒಬ್ಬ ಅಜ್ಜಿಯನ್ನು ಜನರ ಮುಂದೆ ಸುಳ್ಳಿಯನ್ನಾಗಿ ಮಾಡಿದೆ. ಕಣ್ಣು ಹೋದದ್ದು ದುಃಖ. ನಾಲ್ಕನೇ ಶೀಲ ಮುರಿದದ್ದು ನನ್ನ ಕೃತ್ಯ.

ಬಚ್ಚಿಡುವ ಅಭ್ಯಾಸ ನನಗೆ ಹಳೆಯದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೈಸೂರಿನಲ್ಲಿ ಬಾಡಿಗೆ ರೂಮಿಗಾಗಿ ಬೇರೆ ಜಾತಿ ಹೇಳಿದ್ದೆ. ಬಾಬಾಸಾಹೇಬರ ಫೋಟೋ ನಾಲ್ಕು ವರ್ಷ ಟ್ರಂಕಿನ ತಳದಲ್ಲಿತ್ತು. ಅಲ್ಲಿ ಮೊದಲ ತಪ್ಪು ಮನೆ ಕೊಡದವರದು. ಬಾಬಾಸಾಹೇಬರೇ ಬರೋಡಾದಲ್ಲಿ ತಂಗಲು ಜಾಗ ಸಿಗದೆ ಪಾರ್ಸಿ ಹೆಸರಿನಲ್ಲಿ ಪಾರ್ಸಿ ಛತ್ರದಲ್ಲಿ ಉಳಿಯಬೇಕಾಯಿತು. ದೊಣ್ಣೆ ಹಿಡಿದು ಬಂದವರು ಅಲ್ಲಿಂದಲೂ ಹೊರಡಿಸಿದರು. ಆದರೆ ಅದನ್ನು ಅವರು ನಾಚಿಕೆಯೆಂದು ಮುಚ್ಚಿಡಲಿಲ್ಲ, ತಾವೇ ಬರೆದಿಟ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರನ್ನು ಬಯಲಿನಲ್ಲಿ ನಿಲ್ಲಿಸಿ ಧಮ್ಮ ಕೊಟ್ಟರು. ಬಯಲಿನಲ್ಲಿ, ಎಲ್ಲರೂ ನೋಡುವಂತೆ. ಆ ಬಯಲಿನ ಮಗನಾಗಿ ನಾನು ಮತ್ತೆ ಟ್ರಂಕಿನೊಳಗೆ ಸೇರಿಕೊಂಡಿದ್ದೆ.

ಮರುವಾರ ಹೋಗಿ ಮೇಲಧಿಕಾರಿಗೆ ಹೇಳಿದೆ. ಕೆಲಸ ಹೋಗಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20ನೇ ಕಲಮಿನ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ಸರ್ಕಾರಿ ಸಂಸ್ಥೆ ನೌಕರನನ್ನು ತೆಗೆಯುವಂತಿಲ್ಲ, ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು. ನನಗದು ಗೊತ್ತೇ ಇರಲಿಲ್ಲ. ಕಾನೂನು ಎಷ್ಟು ಒಳ್ಳೆಯದಿದ್ದರೂ ಬಾಯಿ ಬಿಟ್ಟು ಹೇಳಿದವನಿಗೇ ಅದು ಒದಗುವುದು. ಆಮೇಲೆ ನೋಟು ಗುರುತಿಸುವುದನ್ನೂ ಕಲಿತೆ. ನೂರು, ಇನ್ನೂರು, ಐನೂರರ ನೋಟುಗಳ ಎರಡೂ ಅಂಚಿನಲ್ಲಿ ಉಬ್ಬು ಗೆರೆಗಳಿವೆ. ನೂರಕ್ಕೆ ನಾಲ್ಕು, ಇನ್ನೂರಕ್ಕೆ ನಾಲ್ಕರ ನಡುವೆ ಎರಡು ಚಿಕ್ಕ ವೃತ್ತ, ಐನೂರಕ್ಕೆ ಐದು. ನನ್ನ ಬೆರಳಿನ ಕೆಳಗೇ ಇದ್ದವು. ಕಾಣುತ್ತದೆ ಎಂದು ನಟಿಸುತ್ತಿದ್ದವನಿಗೆ ಮುಟ್ಟಿ ನೋಡಲು ಪುರುಸೊತ್ತಿರಲಿಲ್ಲ.

ಮಗಳ ಜೊತೆ ಆ ಅಜ್ಜಿಯ ಊರಿಗೂ ಹೋದೆ. ಮೂರನೇ ಸಲಕ್ಕೆ ಮನೆ ಸಿಕ್ಕಿತು. 180 ರೂಪಾಯಿ ಕೈಗಿಟ್ಟು, ನಡೆದದ್ದು ಹೇಳಿ, ತಪ್ಪಾಯಿತು ಎಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅವತ್ತೇ ಕಣ್ಣು ಕಾಣಾಕಿಲ್ಲ ಕನವ್ವ ಅಂದಿದ್ರೆ, ನಾನೇ ಎಣಿಸಿ ಕೊಡ್ತಿದ್ನಲ್ಲಪ್ಪ."

ಅಷ್ಟೇ. ಇದಕ್ಕಿಂತ ದೊಡ್ಡ ಧಮ್ಮೋಪದೇಶ ನಾನು ಕೇಳಿಲ್ಲ.

ಇಂದಿನ ಅಭ್ಯಾಸ: ನಾಚಿಕೆಯಿಂದ ನೀವು ಮುಚ್ಚಿಟ್ಟ ಒಂದು ಸಂಗತಿ ಇದ್ದರೆ, ರೋಗವೋ ಸಾಲವೋ ಸೋಲೋ, ಅದರಿಂದ ಬೇರೆ ಯಾರಿಗಾದರೂ ನಷ್ಟ ಆಗುತ್ತಿದೆಯೇ ಎಂದು ಹತ್ತು ನಿಮಿಷ ಕೂತು ನೋಡಿ. ಆಗುತ್ತಿದ್ದರೆ ಇವತ್ತೇ ಒಬ್ಬರಿಗೆ ಹೇಳಿ. ನಲವತ್ತು ದಾಟಿದವರು ಒಮ್ಮೆ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ.

ಬರುವ ಭಾನುವಾರ ಮಕ್ಕಳನ್ನು ತಪ್ಪದೆ ಕಳಿಸಿ. ಹೊಸ ಜಾದೂ ಇದೆ, ಗುಟ್ಟೂ ಹೇಳಿಕೊಡುತ್ತೇನೆ.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.