ಕೇಳುವವನ ಋಣ

ಕೊಡಗಿನಲ್ಲಿ ಕಕ್ಕಡದ ಮಳೆ ಹಿಡಿಯಿತೆಂದರೆ ಸಂಜೆ ನಾಲ್ಕಕ್ಕೇ ಕತ್ತಲು. ಅಂಥದೊಂದು ಮಳೆಗಾಲದಲ್ಲಿ, ತೀರಿಕೊಂಡ ಸೋದರಮಾವನ ಮನೆಯಿಂದ ಒಂದು ಮರದ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಬೇರೆ ಯಾರೂ ಅದನ್ನು ಬೇಕೆನ್ನಲಿಲ್ಲ. ಒಳಗೆ ನಲವತ್ತು ರೆಕಾರ್ಡುಗಳು. ಮಲ್ಲಿಕಾರ್ಜುನ ಮನ್ಸೂರರ ಪಕ್ಕದಲ್ಲಿ ಬೀಥೋವನ್, ಎಂ. ಎಸ್. ಸುಬ್ಬುಲಕ್ಷ್ಮಿಯವರಿಗೆ ಒರಗಿಕೊಂಡು ಬೀಟಲ್ಸ್. ಮಾವನ ಪೆಟ್ಟಿಗೆಯಲ್ಲಿ ಪಂಕ್ತಿಭೇದವಿರಲಿಲ್ಲ.

ದಿನಕ್ಕೊಂದರಂತೆ ಎಲ್ಲವನ್ನೂ ಕೇಳುವುದೆಂದು ನಿಶ್ಚಯಿಸಿದೆ. ನಿಯಮ ಒಂದೇ: ಹಿಡಿಸಲಿ ಬಿಡಲಿ, ನಡುವೆ ಮುಳ್ಳನ್ನು ಎತ್ತಕೂಡದು.

ಸುಲಭದ ಮಾತೆಂದುಕೊಂಡಿದ್ದೆ, ಆಗಿರಲಿಲ್ಲ. ಇಂದು ನಮ್ಮೆಲ್ಲರ ಕಿಸೆಯಲ್ಲಿರುವ ಫೋನಿನಲ್ಲಿ ಜಗತ್ತಿನ ಸಂಗೀತವೆಲ್ಲ ಇದೆ, ಅದನ್ನು ಅರ್ಧಕ್ಕೇ ದಾಟಿಸುವ ಬೆರಳೂ ಇದೆ. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದಾಗ ರೆಕಾರ್ಡಿನ ಒಂದು ಮಗ್ಗುಲು ಹಿಡಿಯುತ್ತಿದ್ದದ್ದು ಮೂರು ನಿಮಿಷದಷ್ಟು. ಆಕೆ ರಾಗವನ್ನೇ ಆ ಅಳತೆಗೆ ಕುಗ್ಗಿಸಿ ಕೊಟ್ಟರು. 1948ರಲ್ಲಿ ಅಮೆರಿಕದಲ್ಲಿ ದೀರ್ಘ ರೆಕಾರ್ಡು ಬಂದ ಮೇಲೆ ಮಗ್ಗುಲೊಂದಕ್ಕೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಅವಕಾಶವಾಯಿತು. ಹಾಡುವವನಿಗೆ ಕಾಲ ದೊರೆಯಿತು. ಕೇಳುವವನ ತಾಳ್ಮೆ ಮಾತ್ರ ಮೂರು ನಿಮಿಷಕ್ಕಿಂತಲೂ ಕಿರಿದಾಯಿತು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಹಿಡಿಸದ್ದನ್ನು ಪೂರ್ತಿ ಕೇಳಬೇಕಾದ ಹೊಣೆ ನಮಗೆ ಇದೆಯೆ? ಆಯುಸ್ಸು ಸ್ವಲ್ಪ, ಸಂಗೀತ ಅಪಾರ. ಎಲ್ಲರಿಗೂ ಕಿವಿಗೊಡುತ್ತ ಕುಳಿತರೆ ಬದುಕುವುದು ಯಾವಾಗ ಎಂದು ಯಾರಾದರೂ ಕೇಳಿದರೆ ಆ ಮಾತು ನ್ಯಾಯವೇ. ಕೇಳದೆ ಸುಮ್ಮನಿರುವವನು ಯಾರಿಗೂ ಸಾಲಗಾರನಲ್ಲ. ಆದರೆ 'ಇದರಲ್ಲಿ ಏನೂ ಇಲ್ಲ' ಎಂದು ಬಾಯಿಬಿಟ್ಟ ಕ್ಷಣವೇ ಅವನು ನ್ಯಾಯಾಧೀಶನ ಪೀಠವನ್ನೇರಿದಂತೆ. ಆ ಪೀಠದಲ್ಲಿ ಕುಳಿತವನು ವಾದವನ್ನು ಕೊನೆತನಕ ಕೇಳಲೇಬೇಕು.

ನನ್ನ ಇಂಥ ತೀರ್ಪುಗಳು ಆ ಮಳೆಗಾಲದಲ್ಲಿ ಒಂದೊಂದಾಗಿ ಉರುಳಿದವು. ಕೆಲವು ಉಳಿದವು ಎಂಬುದೂ ನಿಜ. ನಾಲ್ಕಾರು ರೆಕಾರ್ಡುಗಳು ಮೊದಲಿನಿಂದ ಕೊನೆಯವರೆಗೆ ಬೇಸರವೇ. ಆದರೆ ಈಗ ಅದು ನಾನು ದುಡಿದು ಗಳಿಸಿದ ಬೇಸರ.

ಹದಿನೇಳನೆಯ ಸಂಜೆ ಬಂದದ್ದು ಅಮೆರಿಕದ ಮೈಲ್ಸ್ ಡೇವಿಸ್ 1959ರಲ್ಲಿ ಮುದ್ರಿಸಿದ 'ಕೈಂಡ್ ಆಫ್ ಬ್ಲೂ'. ಜಾಝ್ ನನಗೆ ಅಪರಿಚಿತ. ಮೊದಲ ಹಾಡಿನಲ್ಲಿ ದಪ್ಪ ದನಿಯ ತಂತಿವಾದ್ಯವೊಂದು ಏನನ್ನೋ ಕೇಳುತ್ತದೆ. ಉಳಿದ ವಾದ್ಯಗಳು ಚುಟುಕಾಗಿ ಎರಡೇ ಹೆಜ್ಜೆಯ ಉತ್ತರ ಕೊಡುತ್ತವೆ. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಬೇಸರಿಸಿ ಕೈಚಾಚಿದವನು ನಿಯಮ ನೆನಪಾಗಿ ಹಿಂದೆಗೆದೆ. ಐದನೆಯ ಸಲಕ್ಕೋ ಆರನೆಯದಕ್ಕೋ ಹೊಳೆಯಿತು: ಉತ್ತರ ಅದೇ ಆದರೂ ಅದರ ಹಿಂದಿನ ಮೌನ ಅದೇ ಅಲ್ಲ. ಆಗ ಥಟ್ಟನೆ ನೆನಪಾದದ್ದು ಅಮೆರಿಕವಲ್ಲ, ನಮ್ಮ ಐನ್‌ಮನೆಯ ಜಗಲಿ.

ನಮ್ಮ ದುಡಿಕೊಟ್ಟ್ ಪಾಟ್‌ನಲ್ಲಿ ನಾಲ್ವರು ಹಾಡುತ್ತಾರೆ. ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ, ಪುಟ್ಟ ದುಡಿ ಒಂದೇ ಸಮನೆ ನುಡಿಯುತ್ತದೆ. ನಾನು ಇಪ್ಪತ್ತರ ಹರೆಯದಲ್ಲಿದ್ದಾಗ, ಒಂದು ಪುತ್ತರಿಯ ರಾತ್ರಿ ನಮ್ಮ ಕುಟುಂಬದ ಹಿರಿಯರೊಬ್ಬರು ಹಾಗೆ ಹಾಡುತ್ತಿದ್ದರು. 'ಎಷ್ಟು ಹೊತ್ತು ಅದೇ ರಾಗ!' ಎಂದು ಗೆಳೆಯನಿಗೆ ಹೇಳಿ, ಅವರ ಎದುರಿನಿಂದಲೇ ಎದ್ದು ಹೋದೆ. ಅವರು ನೋಡಿದರು, ಹಾಡು ನಿಲ್ಲಿಸಲಿಲ್ಲ. ಮರುದಿನ, 'ಮಗಾ, ಕೊನೆಯಲ್ಲಿ ಚೆನ್ನಾಗಿತ್ತು' ಎಂದರು, ಅಷ್ಟೆ. ಮತ್ತೆರಡು ಪುತ್ತರಿಗೆ ಅವರಿರಲಿಲ್ಲ.

ಮಾತು ಉಳಿದಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನು ಕಲೆಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ'ಯಾಗಿ ಅಚ್ಚು ಮಾಡಿಸಿರದಿದ್ದರೆ ಅದೂ ಎಷ್ಟು ಉಳಿಯುತ್ತಿತ್ತೋ. ಆದರೆ ಆ ಹಿರಿಯರ ಕಂಠ ಯಾವ ರೆಕಾರ್ಡಿನಲ್ಲೂ ಇಲ್ಲ. ಸತ್ತು ಮೂರು ದಶಕ ಕಳೆದ ಡೇವಿಸ್‌ಗೆ ನಾನು ಮಾಡಿದ ಅನ್ಯಾಯವನ್ನು ಮುಳ್ಳನ್ನು ಹಿಂದಕ್ಕಿಟ್ಟು ತಿದ್ದಿಕೊಳ್ಳಬಹುದು. ರೆಕಾರ್ಡು ಕಾಯುತ್ತದೆ, ಮನುಷ್ಯ ಕಾಯುವುದಿಲ್ಲ. ದೂರದವರಿಗೆ ಉದಾರವಾಗಿ ಕಿವಿಗೊಡುವ ನಾವು ಜಗಲಿಯಲ್ಲಿ ಕುಳಿತವರ ವಿಷಯದಲ್ಲಿ ಜಿಪುಣರಾಗುವುದು ಇದನ್ನು ಮರೆತೇ. ನಾಳೆಯೂ ಅವರು ಇರುತ್ತಾರೆ ಎಂಬ ಭ್ರಮೆ ನಮಗೆ.

ಕಳೆದ ಪುತ್ತರಿಯಲ್ಲಿ ದುಡಿ ಕೆಳಗಿಡುವವರೆಗೂ ಕುಳಿತಿದ್ದೆ. ಸುಳ್ಳು ಹೇಳಲಾರೆ, ಕಾಲು ಜೋಮು ಹಿಡಿಯಿತು. ನಡುವೆ ಎರಡು ಸಲ ಆಕಳಿಕೆಯೂ ಬಂತು. ಕೊನೆ ಮಾತ್ರ, ಅವರೆಂದಂತೆಯೇ, ಚೆನ್ನಾಗಿತ್ತು. ಪಕ್ಕದಲ್ಲಿದ್ದ ಹುಡುಗನೊಬ್ಬ ಅರ್ಧದಲ್ಲೇ ಎದ್ದು ಹೋದ. ತಡೆಯಬೇಕೆನಿಸಿತು, ತಡೆಯಲು ಬಾಯಿ ಬರಲಿಲ್ಲ.